ಇಂದುಮತಿಯ ಹನ್ನೆರಡು ಗಂಟೆ ಹಿಮ

ಇಂದುಮತಿ ನನ್ನ ತಂಗಿಯ ಮಗಳು. ಡಲ್ಲಾಸ್ ಹತ್ತಿರ ಲಿಟಲ್ ಎಲ್ಮ್‌ನಲ್ಲಿ ಒಬ್ಬಳೇ ಇದ್ದಳು. ನಾನು ಆರು ತಿಂಗಳ ಮಟ್ಟಿಗೆ ಬಂದಿದ್ದೆ. ಡಿಸೆಂಬರ್ ಹತ್ತಕ್ಕೆ ಅವಳ ಕೆಲಸ ಹೋಯಿತು. ವೀಸಾದ ನಿಯಮದಂತೆ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ಹದಿನಾಲ್ಕು ವರ್ಷದ ಬದುಕನ್ನು ಗಂಟುಕಟ್ಟಿಕೊಂಡು ದೇಶ ಬಿಡಬೇಕು.

ಅವಳು ಹಿಮ ಅಳೆಯುವ ಯಂತ್ರ ಮಾಡಿದ್ದಳು. ಹಿತ್ತಲ ಕಂಬದ ತುದಿಯಲ್ಲಿ ಒಂದು ಡಬ್ಬಿ. ಅದು ನಮ್ಮ ಕಿವಿಗೆ ಕೇಳಿಸದ ಸದ್ದನ್ನು ಕೆಳಗೆ ಬಿಡುತ್ತದೆ. ಸದ್ದು ಹಿಮಕ್ಕೆ ತಗುಲಿ ಎಷ್ಟು ಬೇಗ ವಾಪಸ್ ಬಂತೋ ಹಿಮ ಅಷ್ಟು ದಪ್ಪ ಎಂದು ಲೆಕ್ಕ. ದ ವುಡ್‌ಲ್ಯಾಂಡ್ಸ್ ಎಂಬ ಊರಿನ ಒಂದು ಕಂಪನಿಯವರು, ಹನ್ನೆರಡು ಗಂಟೆ ಬಿಡದೆ ಯಂತ್ರದ ಅಳತೆಯೂ ಕೈಯಳತೆಯೂ ತಾಳೆಯಾದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಟೆಕ್ಸಸ್‌ನಲ್ಲಿ ಹಿಮಕ್ಕೆ ಎಲ್ಲಿಗೆ ಹೋಗುವುದು? ದಿನಾ ಫೋನಿನಲ್ಲಿ ಹವಾಮಾನ ನೋಡಿ, ಕಾಫಿ ಮುಟ್ಟದೆ ಕೂರುತ್ತಿದ್ದಳು.

ನಲವತ್ತೈದನೇ ದಿನ ಹಿಮ ಬಿತ್ತು. ಬೆಳಿಗ್ಗೆ ಎಂಟರಿಂದ ಗಂಟೆಗೊಂದು ಸಲ ನಾನು ಸ್ಕೇಲು ಚುಚ್ಚಿ ಅಂಕಿ ಬರೆದೆ. ನನಗೆ ಅಕ್ಷರಕ್ಕಿಂತ ಅಂಕಿ ಚೆನ್ನಾಗಿ ಬರುತ್ತದೆ. ಹನ್ನೆರಡರವರೆಗೆ ಎರಡೂ ಒಂದೇ. ಒಂದು ಗಂಟೆಗೆ ನನ್ನದು ಮೂರು ಇಂಚು, ಯಂತ್ರದ್ದು ಐವತ್ತು. ಅವಳು ಕಂಪ್ಯೂಟರ್ ಮುಂದೆ ಕೂತು ಲೆಕ್ಕವನ್ನೆಲ್ಲ ಮತ್ತೆ ಮತ್ತೆ ನೋಡಿದಳು. ನಾನು ನೆಲ ನೋಡಿದೆನೇ ಹೊರತು ತಲೆಯೆತ್ತಲಿಲ್ಲ. ನಾಲ್ಕಕ್ಕೆ ಅವಳೇ ಬಂದು ನೋಡಿದಳು. ಕಂಬ ನೆಟ್ಟ ದಿನ ಒಳ್ಳೆಯದಾಗಲಿ ಎಂದು ನಾನು ಅದರ ತುದಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ಮಂಜುಗಟ್ಟಿ, ಭಾರಕ್ಕೆ ಡಬ್ಬಿಯ ಕೆಳಗೇ ಜೋತುಬಿದ್ದಿತ್ತು. ಸದ್ದು ಹಿಮದವರೆಗೆ ಹೋಗದೆ ಮಾಲೆಗೇ ಬಡಿದು ವಾಪಸ್ ಹೋಗುತ್ತಿತ್ತು.

ಕಿತ್ತು ಹಾಕಿದ ಮೇಲೆ ಅಂಕಿ ಸರಿಹೋಯಿತು. ಮೂರು ಗಂಟೆ ಮಾತ್ರ ಹೋದದ್ದು ಹೋಯಿತು.

"ಆ ಮೂರು ಗಂಟೆ ಕರೆಂಟ್ ಹೋಗಿತ್ತು ಅಂತ ಬರಿಯೇ," ಎಂದೆ.

"ಹೋಗಿರ್ಲಿಲ್ವಲ್ಲ, ದೊಡ್ಡಮ್ಮ."

"ಯಾರು ನೋಡಕ್ಕೆ ಬರ್ತಾರೆ?"

"ನಾಳೆ ಯಾವ್ದಾದ್ರೂ ಸ್ಕೂಲಿನ ಛಾವಣಿ ಮೇಲೆ ಇದನ್ನ ಇಡ್ತಾರೆ. ಆಗ ತಪ್ಪು ಹೇಳಿ, ಹಿಮದ ಭಾರಕ್ಕೆ ಛಾವಣಿ ಕುಸಿದ್ರೆ?"

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದ್ದದ್ದು ಇದ್ದಂತೆ, ಮಾಲೆಯನ್ನೂ ಸೇರಿಸಿ ಬರೆದು ಕಳಿಸಿದಳು.

ನಾಲ್ಕನೇ ದಿನ ಉತ್ತರ ಬಂತು. ಯಂತ್ರ ಚೆನ್ನಾಗಿದೆ, ಆದರೆ ಹನ್ನೆರಡು ಗಂಟೆ ಪೂರ್ತಿ ಬೇಕು, ಮುಂದಿನ ಹಿಮಕ್ಕೆ ನೋಡೋಣ ಎಂದಿತ್ತು. ಉಳಿದಿದ್ದದ್ದು ಹನ್ನೊಂದು ದಿನ. ಫೋನಿನ ಹವಾಮಾನದಲ್ಲಿ ಮುಂದಿನ ಹತ್ತು ದಿನವೂ ಬಿಸಿಲು. ಸಂಜೆ ಅವಳು ಅಟ್ಟದಿಂದ ದೊಡ್ಡ ಸೂಟ್‌ಕೇಸು ಇಳಿಸಿದಳು. ನಾನು ಒಂದು ಕಡೆ ಹಿಡಿದುಕೊಂಡೆ.