ಪಕ್ಕದ ಮನೆಯ ಅತ್ತೆಯ ಓಟು

ಮೊನ್ನೆ ಮೊಮ್ಮಗನಿಗೆ ಮುಡಿ ತೆಗೆಸಿ ಬೋಳುತಲೆಗೆ ಗಂಧ ಹಚ್ಚಿದರು. ಮಗು ತೊಡೆಯೇರಿದಾಗ ಆ ಹಸಿಗಂಧದ ವಾಸನೆ ಮೂಗಿಗೆ ಬಡಿಯಿತು. ಕೂರಲಾಗದೆ ಎದ್ದು ಹೊರಗೆ ಬಂದೆ. ಪಕ್ಕದ ಮನೆಯ ಅತ್ತೆ ಅಂದು ಮತಗಟ್ಟೆಗೆ ಬಂದಾಗ ಅವರ ತಲೆಯಿಂದಲೂ ಇದೇ ವಾಸನೆ ಬರುತ್ತಿತ್ತು...

ಅತ್ತೆಯೆಂದರೆ ರಕ್ತಸಂಬಂಧವಲ್ಲ, ನಾನು ಹಾಗೆ ಕರೆಯುತ್ತಿದ್ದೆ. ನನ್ನ ಚಿಕ್ಕಂದಿನಲ್ಲಿ ಅವ್ವ ಮೈಸೂರಿನ ಆಸ್ಪತ್ರೆ ಸೇರಿದ್ದಾಗ ತಿಂಗಳುಗಟ್ಟಲೆ ಗೋಡೆಯಾಚೆಯಿಂದ ಮುದ್ದೆಯ ತಟ್ಟೆ ದಾಟಿಸಿದವರು.

ಕೆ.ಆರ್. ಪೇಟೆ ಕಡೆಯ ನಮ್ಮೂರಿನ ಪಂಚಾಯಿತಿ ಚುನಾವಣೆ ಅದು. ಅವರ ಸೊಸೆ ನಿಂತಿದ್ದಳು. ನಾನು ಅವಳ ಎದುರಾಳಿಯ ಏಜೆಂಟನಾಗಿ ಒಳಗೆ ಕೂತಿದ್ದೆ. ಕಳ್ಳ ಓಟು ಬೀಳದಂತೆ ಮುಖ ನೋಡಿ ಗುರುತು ಹೇಳುವುದೇ ನನ್ನ ಕೆಲಸ. ಅತ್ತೆ ಹಿಂದಿನ ದಿನವಷ್ಟೇ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದರು. ಗುರುತಿನ ಚೀಟಿಯ ಹಳೆಯ ಫೋಟೊದಲ್ಲಿ ತುಂಬುಗೂದಲು, ದುಂಡು ಮುಖ. ಎದುರಿಗೆ ಬೋಳುತಲೆಯ, ಕೆನ್ನೆ ಬತ್ತಿದ ಮುದುಕಿ. ಅಧಿಕಾರಿ ಅನುಮಾನಪಟ್ಟರು. ಸೊಸೆಯ ಕಡೆಯ ಏಜೆಂಟ್ ಊಟಕ್ಕೆ ಹೋಗಿದ್ದ.

"ಪೋಟೊದಾಗಿರೋದೂ ನಾನೇ ಕಣಪ್ಪ. ಕೂದ್ಲ ತಿಮ್ಮಪ್ಪ ಇಸ್ಕಂಡ," ಎಂದು ಅತ್ತೆ ನಕ್ಕರು. ನನ್ನತ್ತ ಕೈ ತೋರಿದರು. "ಅಗೋ, ಅಲ್ಲೇ ಕುಂತವ್ನೆ ನಮ್ ಪಕ್ಕದ್ಮನೆಯವ್ನು. ನಾನ್ಯಾರು ಅಂತ ಅವ್ರಿಗೆ ಏಳ್ಲಾ!"

ಅವರ ಸೊಸೆಗೆ ಒಂದು ಓಟು ತಪ್ಪುತ್ತದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

"ಗೊತ್ತಿಲ್ಲ ಸಾರ್," ಎಂದೆ.

ಬೇರೆ ದಾಖಲೆ ತನ್ನಿ, ಇಲ್ಲವೇ ಗುರುತು ಹೇಳುವವರನ್ನು ಕರೆತನ್ನಿ ಎಂದರು ಅಧಿಕಾರಿ. ಕರೆದಿದ್ದರೆ ಹೊರಗೆ ಸಾಲಿನಲ್ಲಿದ್ದ ಯಾರಾದರೂ ಬಂದು ಹೇಳುತ್ತಿದ್ದರು. ಅತ್ತೆ ಯಾರನ್ನೂ ಕರೆಯಲಿಲ್ಲ. ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟುಹೋದರು. ಸಂಜೆ ನಮ್ಮ ಕಡೆಯವನೊಬ್ಬ ಊರಲ್ಲಿಲ್ಲದ ಅಣ್ಣನ ಚೀಟಿ ಹಿಡಿದು ಬಂದಾಗ, "ಇವ್ನೇ ಸಾರ್, ನಂಗೊತ್ತು," ಎಂದವನೂ ನಾನೇ.

ಮುಂದಿನ ಚುನಾವಣೆಯಲ್ಲಿ ನಾನು ಏಜೆಂಟನಾಗಲಿಲ್ಲ. ಆಟೋ ತಂದು ಅವರ ಜಗಲಿಯ ಮುಂದೆ ನಿಂತೆ.

"ಬಾ ಅತ್ತೆ, ಓಟಾಕ್ಬುಟ್ಟು ಬರುವಾ."

ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಯಾರ್ನ ಕರೀತಿದ್ದೀಯಪ್ಪ? ನಾನ್ಯಾರು ಅಂತ ನಿಂಗೊತ್ತಿಲ್ವಲ್ಲ."

ಆಮೇಲೆ ಅವರು ಯಾವ ಚುನಾವಣೆಗೂ ಹೋಗಲಿಲ್ಲ...

ಅವರು ತೀರಿಕೊಂಡ ದಿನ ಹೆಣದ ಪಕ್ಕ ಕೂತಿದ್ದೆ. ದೂರದ ನೆಂಟರೊಬ್ಬರು, ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ನಾನು ಎದ್ದು ಅವರಿಗೆ ಜಾಗ ಬಿಟ್ಟೆ. ಇವರ ಮುದ್ದೆ ತಿಂದು ಬೆಳೆದವನು ನಾನು ಎಂದು ಈಗ ಇಲ್ಲಿ ಬರೆಯುತ್ತಿದ್ದೇನೆ. ಕೇಳಿಸಿಕೊಳ್ಳಬೇಕಾದವರು ಇಲ್ಲ.