ಬಿಚ್ಚಿದ ಚಕ್ರಗಳು

ಸ್ನೇಹಿತರೇ, ಬೆನ್ನಿನ ಆಪರೇಷನ್ ಆಗಿರುವ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಶಾಲೆಯ ಬ್ಯಾಗಿಗೆ ಚಕ್ರ ಕೂರಿಸಿದ್ದೆ. ನಾಪೋಕ್ಲಿನಲ್ಲಿ ನನ್ನದು ಬ್ಯಾಗ್ ರಿಪೇರಿ ಅಂಗಡಿ. ಜಲ್ಲಿ ರಸ್ತೆಯಲ್ಲೂ ಉರುಳುವಂಥ ದೊಡ್ಡ ಚಕ್ರ, ಅವಳ ಎತ್ತರಕ್ಕೆ ಸರಿಯಾದ ಹಿಡಿಕೆ. ಹೇಗೆ ಉರುಳುತ್ತದೆಂದು ನೋಡಲು ಇವತ್ತು ಬೆಳಿಗ್ಗೆ ಅವಳ ಅಪ್ಪನ ಜೊತೆ ಶಾಲೆಗೂ ಹೋದೆ.

ಬಾಗಿಲಲ್ಲೇ ಹೆಡ್‌ಮಿಸ್ ತಡೆದರು. "ಹೊಸ ಟೈಲ್ಸ್ ಹಾಳಾಗ್ತದೆ. ಎಲ್ಲರ ಹಾಗೆ ಹೆಗಲಿಗೆ ಹಾಕ್ಕೊಳ್ಳಲಿ."

ಅಪ್ಪ ಡಾಕ್ಟರರ ಚೀಟಿ ತೋರಿಸಿದ.

"ಮುಂದಿನ ತಿಂಗಳು ಮೀಟಿಂಗಲ್ಲಿ ನೋಡುವ," ಎಂದರು.

ಹುಡುಗಿ ಬ್ಯಾಗನ್ನು ಹೆಗಲಿಗೇರಿಸಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು.

ಸಂಜೆ ಅಪ್ಪ ಅಂಗಡಿಗೆ ಬಂದ. "ಚಕ್ರ ಬಿಚ್ಚಿಕೊಡಿ ಅಣ್ಣ. ಈಗ ಅದರ ಭಾರವನ್ನೂ ಅವಳೇ ಹೊರ್ಬೇಕಲ್ಲ."

ಬಿಚ್ಚಿದೆ. ಮೀಟಿಂಗ್ ಆಗುವ ತನಕ ಬೆನ್ನು ನೋಯಬಾರದು ಎಂದು ಆ ಮಗುವಿಗೆ ಯಾರಾದರೂ ಹೇಳಬೇಕು.