ಮೂರು ಸುತ್ತಿನ ಕಲ್ಲು

ಮಹಾಲಿಂಗನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಯಾವಾಗ ಅಂತ ಕೇಳಿದರೆ ಅವನ ಹೆಂಡತಿ ಮೀನಾ ಗಂಟೆ ಸಮೇತ ಹೇಳುತ್ತಾಳೆ. ಮೂರು ವರ್ಷದ ಹಿಂದೆ, ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಚಾಮರಾಜನಗರದ ತಾಲ್ಲೂಕು ಕಚೇರಿ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಜಾತಿ ಸರ್ಟಿಫಿಕೇಟಿನ ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೊ ಎಲ್ಲಾ ಅಲ್ಲೇ. ಅವತ್ತು ಚಂದಕವಾಡಿಯಿಂದ ಬಂದ ಯಜಮಾನರೊಬ್ಬರ ಆಧಾರ್ ಕಾರ್ಡನ್ನು ಮಿಷನ್ ಮೇಲಿಡುತ್ತಾ, ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದ. ಫೋನಿನಲ್ಲಿ ಗಂಗಾಧರಸ್ವಾಮಿ ಪ್ರತ್ಯಕ್ಷನಾದ.

ಈ ಗಂಗಾಧರಸ್ವಾಮಿ ಗುಂಡ್ಲುಪೇಟೆಯಲ್ಲಿ ಎಂಟನೇ ಕ್ಲಾಸಿನಲ್ಲಿ ಮಹಾಲಿಂಗನ ಪಕ್ಕ ಕೂತವನು. ಈಗ ಗಣಿತದ ಮೇಷ್ಟ್ರು, ಹರದನಹಳ್ಳಿಯಲ್ಲಿ ಮನೆ. ಬಿಡುವಿನಲ್ಲಿ 'ಹಳೇ ಗೇಮಿನ ಗುಟ್ಟು' ಅಂತ ಒಂದು ಯೂಟ್ಯೂಬ್ ಚಾನೆಲ್ಲು ಬೇರೆ ಶುರು ಮಾಡಿಕೊಂಡಿದ್ದ. ಅದರ ಮೊದಲನೇ ವಿಡಿಯೋದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳುತ್ತಿದ್ದ: "ಕೋಟೆ ಗೇಮಲ್ಲಿ ಒಂದು ಗುಟ್ಟಿನ ಕೋಣೆ ಇದೆ ಸ್ನೇಹಿತರೇ. ಅಮೆರಿಕದೋರು ಅದನ್ನ ಕಂಡುಹಿಡಿದಿದ್ದು ಎರಡು ಸಾವಿರದ ಆರರಲ್ಲಿ. ನಾನು ಗುಂಡ್ಲುಪೇಟೆಯಲ್ಲಿ ಕೂತ್ಕೊಂಡು ತೊಂಬತ್ತೆಂಟರಲ್ಲೇ ಕಂಡುಹಿಡಿದಿದ್ದೆ."

ಮಿಷನ್ನಿನಿಂದ ಆಧಾರ್ ಕಾರ್ಡಿನ ಬದಲು ಮಹಾಲಿಂಗನ ಅಂಗೈ ಜೆರಾಕ್ಸ್ ಆಗಿ ಹೊರಗೆ ಬಂತು. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನೂ ಕೇಳ್ತಾರಾ ಕಚೇರೀಲಿ?" ಅಂದರು.

ಯಾಕೆ ಅಷ್ಟು ಉರಿ ಅಂದರೆ, ಆ ಕೋಣೆ ಕಂಡವನು ಗಂಗಾಧರ ಅಲ್ಲವೇ ಅಲ್ಲ. ಕಂಡವನು ಮಹಾಲಿಂಗ.

ಆಗ ಅವನು ಗುಂಡ್ಲುಪೇಟೆಯಲ್ಲಿ ಸೋದರತ್ತೆ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಮರಿಯಪ್ಪನ ವಿಡಿಯೋ ಗೇಮ್ ಅಂಗಡಿ. ಒಳಗೆ ಎರಡು ಟಿವಿ, ಗುಂಡಿ ಒತ್ತಿ ಆಡುವ ಎರಡು ರಿಮೋಟು, ಹೊರಗೆ ಮರಿಯಪ್ಪನ ಹೆಂಡತಿ ಸೋಮಮ್ಮನ ಬಜ್ಜಿ ಬಾಣಲೆ. ಗೇಮಿನ ಕ್ಯಾಸೆಟ್ಟುಗಳನ್ನು ಕೋಳಿಕ್ಕೋಡಿನ ಲಾರಿ ಡ್ರೈವರೊಬ್ಬ ತಂದುಕೊಡುತ್ತಿದ್ದ. ಎಲ್ಲಾ ಜಪಾನಿ ಅಕ್ಷರ. ಓದಲು ಬರದವರು ಏನು ಮಾಡುತ್ತಾರೆ, ತಾವೇ ಹೆಸರಿಟ್ಟುಕೊಳ್ಳುತ್ತಾರೆ. ಕೋಟೆ ಇತ್ತು, ಹಾಗಾಗಿ ಅದು ಕೋಟೆ ಗೇಮು. ಅದರ ಹೀರೋ ತಲೆ ಮೇಲೊಂದು ಹುಲ್ಲಿನ ಟೋಪಿ ಇಟ್ಟಿದ್ದ, ಹಾಗಾಗಿ ಅವನು ಟೋಪಿ. ಕಾಡು ಬಂಡೀಪುರವಾಯಿತು. ಕಾಡಿನ ಕೊನೆಯಲ್ಲಿ ಮೀಸೆಯವನೊಬ್ಬ ನಿಂತು ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಆ ಜಾಗ ಕೇರಳದ ದಾರಿಯ ಮದ್ದೂರು ಚೆಕ್‌ಪೋಸ್ಟ್. ಮೊದಲನೇ ಊರಿನ ಮೂಲೆಯಲ್ಲಿ ಪೀಠದ ಮೇಲೊಂದು ಗುಂಡಗಿನ ಕಲ್ಲಿತ್ತು. ಅದು ಏನು ಅಂತ ಯಾರೂ ಕೇಳಲೇ ಇಲ್ಲ. ಮಾದಪ್ಪನ ಕಲ್ಲು, ಅಷ್ಟೇ.

ಒಂದು ಸಂಜೆ ಮಹಾಲಿಂಗ ಟೋಪಿಯವನಿಂದ ಆ ಕಲ್ಲಿಗೆ ಮೂರು ಸುತ್ತು ಹಾಕಿಸಿದ. ಪಕ್ಕದ ಗೋಡೆ ಬಿಟ್ಟುಕೊಂಡಿತು. ಒಳಗೊಂದು ಖಾಲಿ ಕೋಣೆ. ಕತ್ತಿಯಿಲ್ಲ, ಚಿನ್ನವಿಲ್ಲ, ಗೋಡೆ ಮೇಲೆ ಎರಡೇ ಎರಡು ಸಾಲು ಅಕ್ಷರ. ರಂಗೋಲಿ ಬಿಡಿಸುವ ಹಾಗೆ ಒಂದೊಂದೇ ಗೆರೆ ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸಿಕೊಂಡ, ಕೆಳಗೆ ತಾರೀಕು ಹಾಕಿದ. ಮಾರನೇ ದಿನ ಪ್ರಾಣಸ್ನೇಹಿತ ಅಂತ ಗಂಗಾಧರನೊಬ್ಬನಿಗೆ ತೋರಿಸಿದ. ಆ ನೋಟ್‌ಬುಕ್ಕನ್ನು ಮುಂದೆ ಅವನವ್ವ ಹಳೇ ಪೇಪರಿನ ಜೊತೆ ಗುಜರಿಯವನಿಗೆ ಕೊಟ್ಟಳು. ಹಾಗಾಗಿ ಈಗ ಬಾಯಿ ಬಡಿದುಕೊಂಡರೂ ಸಾಕ್ಷಿಯಿಲ್ಲ.

ಮೂರು ವರ್ಷ ಅವನು ಪಟ್ಟ ಪಾಡು ಯಾರಿಗೂ ಬೇಡ. ಗಂಗಾಧರ ಫೋನು ಮಾಡಿದರೆ ಎತ್ತಲಿಲ್ಲ. ತೆರಕಣಾಂಬಿಯ ಒಂದು ಮದುವೆಯಲ್ಲಿ ಎದುರಾದರೆ ಊಟದ ಪಂಕ್ತಿಯನ್ನೇ ಬದಲಾಯಿಸಿದ. ಆದರೆ ವಿಡಿಯೋ ಮಾತ್ರ ಒಂದೂ ಬಿಡಲಿಲ್ಲ, ಬಂದ ಐದೇ ನಿಮಿಷಕ್ಕೆ ನೋಡುತ್ತಿದ್ದ. ನೋಡಿ, ಹೆಬ್ಬೆರಳು ಕೆಳಗೆ ಮಾಡಿದ ಗುರುತನ್ನು ಒತ್ತುತ್ತಿದ್ದ. ಗಂಗಾಧರ ಹೇಳುವ ಪ್ರಕಾರ, ಚೆಕ್‌ಪೋಸ್ಟಿನವನ ಮೀಸೆ ಚಿತ್ರ ಬರೆಯುವಾಗ ಆದ ತಪ್ಪಂತೆ. ಮಳೆ ಸದ್ದನ್ನು ಎಣ್ಣೆಯಲ್ಲಿ ಮೀನು ಕರಿಯುವ ಸದ್ದು ಕೇಳಿಕೊಂಡು ಕೂಡಿಸಿದ್ದಂತೆ. ಕೊನೆಯ ಕೋಟೆಗೆ ಏಳು ಬಾಗಿಲು ಮಾಡಬೇಕೆಂದಿದ್ದವರು ಜಾಗ ಸಾಲದೆ ಐದಕ್ಕೇ ಮುಗಿಸಿದರಂತೆ. ಇವನಿಗೆ ಇವೆಲ್ಲ ಹೇಗೆ ಗೊತ್ತಾದವು ಅಂತ ಒಂದು ಉರಿ, ಚೆನ್ನಾಗಿ ಹೇಳುತ್ತಾನಲ್ಲ ಅಂತ ಇನ್ನೊಂದು ಉರಿ.

"ಆ ಗೇಮಿಂದ ನಿಮ್ಗೇನ್ ಬರ್ಬೇಕು?" ಅಂತ ಮೀನಾ ಒಂದು ದಿನ ತಡೆಯಲಾರದೆ ಕೇಳಿದಳು.

"ಹೆಸ್ರು ಬರ್ಬೇಕು."

"ಅಂಗಡಿ ಬೋರ್ಡ್ ಮೇಲೆ ಐತಲ್ಲ."

"ಅದು ಬ್ಯಾರೆ ಕಣಮ್ಮಿ," ಅಂದ. ಅವಳಿಗೆ ಹೇಗೆ ಹೇಳುವುದು. ನಲವತ್ತು ವರ್ಷದಲ್ಲಿ ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು ಅವನು ಮಾಡಿದ್ದು ಅದೊಂದೇ.

ಇಷ್ಟರಲ್ಲಿ ಗಂಗಾಧರ ಇನ್ನೊಂದು ಸುದ್ದಿ ಬಿಟ್ಟ. ಗೇಮು ಮಾಡಿದವರಲ್ಲೊಬ್ಬರು, ಜಪಾನಿನ ವಯಸ್ಸಾದ ಯಜಮಾನರು, ಭಾನುವಾರ ಹನ್ನೊಂದಕ್ಕೆ ಚಾನೆಲ್ಲಿಗೆ ಲೈವ್ ಬರುತ್ತಾರಂತೆ. ಜಪಾನಿನಲ್ಲೇ ಕೆಲಸದಲ್ಲಿರುವ ಮೈಸೂರಿನ ಹುಡುಗಿ ಶಿವರಂಜಿನಿ ಅವರ ಮಾತನ್ನು ಕನ್ನಡಕ್ಕೆ ಮಾಡುತ್ತಾಳಂತೆ. ಕೋಣೆಯನ್ನು ಮೊದಲು ಕಂಡವರ ಹೆಸರನ್ನು ಯಜಮಾನರು ಆ ಗೇಮಿನ ಅಭಿಮಾನಿಗಳ ಪುಟದಲ್ಲಿ ತಾವೇ ಬರೆಸುತ್ತಾರಂತೆ. ಅಲ್ಲಿಗೆ ಮುಗಿಯಿತು. ಭಾನುವಾರ ದಾಟಿದರೆ ಗಂಗಾಧರನ ಹೆಸರು ಖಾಯಂ.

ಭಾನುವಾರ ಬೆಳಿಗ್ಗೆ ಸಾಕ್ಷಿ ಹುಡುಕಿಕೊಂಡು ಒಂಬತ್ತರ ಬಸ್ಸು ಹತ್ತಿದ ಮಹಾಲಿಂಗ ಗುಂಡ್ಲುಪೇಟೆಯಲ್ಲಿ ಇಳಿದ. ಮರಿಯಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಸೋಮಮ್ಮ ಅದೇ ಜಾಗದಲ್ಲಿ ಚೆಂಡು ಹೂವು ಕಟ್ಟುತ್ತಾ ಕೂತಿದ್ದಳು. ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ಯಾರ್ಲಾ, ಮಾಲಿಂಗನಾ? ಒಳ್ಳೆ ಬೊಜ್ಜು ಬಂದದೆ ಕಣ್ಲಾ," ಅಂದಳು.

ಅವನು ಕುಶಲವನ್ನೂ ಕೇಳಲಿಲ್ಲ. ಫೋನು ಎತ್ತಿ ಹಿಡಿದು ರೆಕಾರ್ಡಿಗೆ ಹಾಕಿದ. "ಸೋಮವ್ವ, ಕೋಟೆ ಗೇಮಲ್ಲಿ ಕಲ್ಲು ಸುತ್ತಿ ಕೋಣೆ ತೆಗ್ದಿದ್ದು ಯಾರು? ಸತ್ಯ ಹೇಳು."

"ನೀನೇ ಕಣ್ಲಾ."

ಮೂರು ವರ್ಷದ ಭಾರ ಎದೆಯಿಂದ ಇಳಿಯಿತು. "ಇನ್ನೊಂದ್ಸಲ ಹೇಳವ್ವ. ಯೆಂಗಾಯ್ತು ಅಂತ ವಿವರವಾಗಿ ಹೇಳು."

"ಯೆಂಗಾಯ್ತು ಅಂದ್ರೆ, ನಾನು ಬಜ್ಜಿ ಕೊಡಾಕೆ ಒಳಿಕ್ ಬಂದೆ. ಆ ಟೋಪಿಯವ್ನು ಮಾದಪ್ಪನ ಮುಂದೆ ದಡದಡ ಅಂತ ಓಡೋಯ್ತಿದ್ದ. ದ್ಯಾವ್ರ ಮುಂದೆ ಅಂಗ್ ಓಗ್ತಾರೇನ್ಲಾ, ಮೂರು ಸುತ್ತು ಹಾಕ್ಸಿ ಕರ್ಕೊಂಡೋಗು ಅಂದೆ. ಟೈಮ್ ಓಯ್ತದೆ, ಆಗಾಕಿಲ್ಲ ಅಂದೆ ನೀನು. ಆಗಾಕಿಲ್ಲ ಅಂದ್ರೆ ಬಜ್ಜೀನೂ ಇಲ್ಲ ಅಂದೆ ನಾನು. ಆಮೇಲೆ ಹಾಕ್ಸ್ದೆ."

ಮಹಾಲಿಂಗನ ಕೈ ಕೆಳಗಿಳಿಯಿತು. ಆ ಬಜ್ಜಿ ಅವನಿಗೆ ಚೆನ್ನಾಗಿ ನೆನಪಿತ್ತು. ಮೆಣಸಿನಕಾಯಿ ಬಜ್ಜಿ, ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಅದು ಯಾಕೆ ಸಿಕ್ಕಿತು ಅನ್ನುವುದು ಮಾತ್ರ ಇಪ್ಪತ್ತಾರು ವರ್ಷದಲ್ಲಿ ಎಲ್ಲೋ ಕಳಚಿಹೋಗಿತ್ತು.

ಹಲ್ಲು ಕಚ್ಚಿಕೊಂಡು ಹೇಳಿದ: "ಸೋಮವ್ವ, ಆ ಸುತ್ತು ಹಾಕು ಅಂದ ಮಾತು ಬುಟ್ಬುಟ್ಟು ಉಳಿದಿದ್ದು ಹೇಳು."

"ಯಾಕ್ಲಾ?"

"ಉದ್ದ ಆಯ್ತದೆ ಕಣವ್ವ. ಆ ಗಂಗಾಧರ ನೋಡು, ನನ್ನ ಹೆಸ್ರೇ ಎತ್ತದೆ ಎಲ್ಲಾ ತಾನೇ ಮಾಡ್ದೆ ಅಂತ ಹೇಳ್ಕೊಂಡು ತಿರುಗ್ತಾವ್ನೆ. ಇವತ್ತು ಅದೇ ಖಾಯಂ ಆಗ್ಬುಡ್ತದೆ."

ಸೋಮಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ಅವ್ನು ನಿನ್ನ ಬುಟ್ಟು ಹೇಳ್ದ ಅಂತ ಇಲ್ಲಿಗಂಟ ಓಡ್ಬಂದಿದ್ದೀಯ. ನೀನು ನನ್ನ ಬುಟ್ಟು ಹೇಳು ಅಂತೀಯ. ಯಾರ್ಗೇಳನಪ್ಪ ಇದ್ನ?"

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ಅವನು ಬಸ್ ಸ್ಟ್ಯಾಂಡಿನ ಗೋಡೆ ನೋಡುತ್ತಾ ನಿಂತ. ಒಳ್ಳೆಯತನ ಉಕ್ಕಿ ಬಂತು ಅಂತ ತಿಳಿಯಬೇಡಿ, ಅಂಥದ್ದೇನೂ ಆಗಲಿಲ್ಲ. ಅವನ ತಲೆಯಲ್ಲಿ ಓಡಿದ ಲೆಕ್ಕ ಇಷ್ಟೇ: ನನಗೆ ಸಿಗದಿದ್ದರೆ ಹಾಳಾಗಿ ಹೋಗಲಿ, ಗಂಗಾಧರನಿಗಂತೂ ಸಿಗಬಾರದು. ಚಾನೆಲ್ಲಿಗೆ ಮೆಸೇಜ್ ಹಾಕಿದ, 'ಸಾಕ್ಷಿ ಜೊತೆ ಲೈವಿಗೆ ಬತ್ತಿದ್ದೀನಿ, ತಾಕತ್ತಿದ್ರೆ ಸೇರ್ಸ್ಕೋ.' ಫೋನನ್ನು ಸೋಮಮ್ಮನ ಮುಖಕ್ಕೆ ಹಿಡಿದು ತಾನು ಅದರ ಹಿಂದೆ ನಿಂತ.

ಗಂಗಾಧರ ಸೇರಿಸಿಕೊಂಡ. ಸೋಮಮ್ಮ ಬಾಯಿ ತುಂಬಾ ಹೇಳಿದಳು, ಬಜ್ಜಿಯನ್ನೂ ಬಿಡಲಿಲ್ಲ. ಈಗ ಲೈನ್ ಕಟ್ ಮಾಡುತ್ತಾನೆ, ಈಗ ಮಾಡುತ್ತಾನೆ ಅಂತ ಮಹಾಲಿಂಗ ಆಸೆಯಿಂದ ಕಾದ. ಗಂಗಾಧರ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

"ಸೋಮವ್ವ ಹೇಳಿದ್ದೆಲ್ಲಾ ನಿಜ," ಅಂದ. "ಅವತ್ತು ನಾನು ಅಲ್ಲಿ ಇರ್ಲಿಲ್ಲ. ಮಾರನೇ ದಿನ ಮಾಲಿಂಗ ತೋರ್ಸ್ದ. ಮೊದಲನೇ ವಿಡಿಯೋದಲ್ಲಿ ಬಾಯಿ ತಪ್ಪಿ ನಾನು ಅಂದ್ಬುಟ್ಟೆ. ಆಮೇಲೆ ವಾಪಸ್ ತಗೊಳಕ್ಕೆ ನಾಚ್ಕೆ ಆಯ್ತು. ಅವ್ನಿಗೆ ಹೇಳನ ಅಂದ್ರೆ ಫೋನೇ ಎತ್ಲಿಲ್ಲ."

ಒಪ್ಪಿಕೊಂಡುಬಿಟ್ಟನಲ್ಲ. ಅದರಲ್ಲೂ ಇವನೇ ದೊಡ್ಡವನಾದನಲ್ಲ ಅಂತ ಮಹಾಲಿಂಗನ ಹೊಟ್ಟೆ ಇನ್ನೊಂದು ಸಲ ಉರಿಯಿತು.

ಜಪಾನಿನ ಯಜಮಾನರು ಮಾತ್ರ ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಅವರು ಹೇಳಿದ್ದನ್ನು ಶಿವರಂಜಿನಿ ಕನ್ನಡದಲ್ಲಿ ಹೇಳಿದಳು. ಅದು ದೇವರ ಕಲ್ಲಲ್ಲವಂತೆ. ಅವರ ಕಡೆ ಉಪ್ಪಿನಕಾಯಿ ಹಾಕುವ ಮರದ ಪೀಪಾಯಿಯಂತೆ, ಮೇಲೆ ಭಾರಕ್ಕೆ ಒಂದು ಗುಂಡುಕಲ್ಲು ಇಡುತ್ತಾರಂತೆ. ಲೋಕದಲ್ಲಿ ಯಾವ ಮನುಷ್ಯನೂ ಉಪ್ಪಿನಕಾಯಿ ಪೀಪಾಯಿಯನ್ನು ಮೂರು ಸುತ್ತು ಸುತ್ತುವುದಿಲ್ಲ ಅನ್ನುವ ಧೈರ್ಯದ ಮೇಲೆ ಬಾಗಿಲನ್ನು ಅಲ್ಲಿ ಬಚ್ಚಿಟ್ಟಿದ್ದರಂತೆ.

"ಏನಾರ ಆಗ್ಲಿ ಬುಡಪ್ಪ," ಅಂದಳು ಸೋಮಮ್ಮ. "ಸುತ್ತಿದ್ದಕ್ಕೆ ಬಾಗ್ಲು ತೆಗೀತಲ್ಲ."

ಕೋಣೆಯಲ್ಲಿದ್ದ ಎರಡು ಸಾಲು ಏನು ಅಂತ ಗಂಗಾಧರ ಕೇಳಿದ. ಹೆಸರುಗಳು, ಅಂದರು ಯಜಮಾನರು. ಆ ಕಾಲದಲ್ಲಿ ಅವರ ಕಂಪನಿ ಗೇಮು ಮಾಡಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲವಂತೆ. ಅದಕ್ಕೇ ಯಾರಿಗೂ ಕಾಣದ ಹಾಗೆ ಒಳಗೆ ಬರೆದುಕೊಂಡರಂತೆ. ಮಾಡಿದ್ದು ಮೂರು ಜನ. ಕ್ಯಾಸೆಟ್ಟಿನಲ್ಲಿ ಉಳಿದ ಜಾಗಕ್ಕೆ ಎರಡೇ ಹೆಸರು ಹಿಡಿಸಿದವು. ಪೀಪಾಯಿ, ಮೀಸೆಯವನು, ಮಳೆ, ಇವನ್ನೆಲ್ಲ ಮಾಡಿದ ಮೂರನೆಯವನ ಹೆಸರು ಹೊರಗೇ ಉಳಿಯಿತು.

"ಆವಯ್ಯ ಈಗ ಏನ್ ಮಾಡ್ತಾವ್ನೆ?"

ಕೇಳಿದ್ದು ಯಾರು ಅಂತ ಎಲ್ಲರೂ ಒಂದು ಕ್ಷಣ ಹುಡುಕಿದರು. ಫೋನಿನ ಹಿಂದಿನಿಂದ ಬಂದ ಮಾತು ಅದು. ಮಹಾಲಿಂಗನಿಗೇ ತಾನು ಬಾಯಿ ಬಿಟ್ಟಿದ್ದು ಗೊತ್ತಾಗಿರಲಿಲ್ಲ.

ಯಜಮಾನರು ಹೇಳಿದರು: ಅವನು ತನ್ನ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ನಮ್ಮಿಬ್ಬರಿಗೂ ಅವನಿಗೂ ಮೂವತ್ತು ವರ್ಷದಿಂದ ಮಾತಿಲ್ಲ. ಪ್ರತಿ ಹೊಸ ವರ್ಷಕ್ಕೆ ಕಾರ್ಡು ಹಾಕುತ್ತೇನೆ. ಅವನಿಂದ ಬರುವುದಿಲ್ಲ.

ಮಹಾಲಿಂಗನಿಗೆ ಆ ಸೈಕಲ್ ಅಂಗಡಿಯವನು ಕಣ್ಣಿಗೆ ಕಟ್ಟಿದ. ಕಾರ್ಡು ಬಂದ ದಿನ ಅವನು ಅದನ್ನು ಓದುವುದಿಲ್ಲ ಅಂತ ನಾವು ನೀವು ತಿಳಿಯಬಹುದು. ಮಹಾಲಿಂಗ ತಿಳಿಯಲಿಲ್ಲ. ಬಂದ ಐದೇ ನಿಮಿಷಕ್ಕೆ ಓದುತ್ತಾನೆ ಅಂತ ಅವನಿಗೆ ಖಾತ್ರಿಯಿತ್ತು.

"ಮಾಲಿಂಗ, ಫೋನ್ ತಿರುಗ್ಸ್ಲಾ," ಅಂದ ಗಂಗಾಧರ. "ನಿನ್ ಮುಖ ತೋರ್ಸು. ನೀನೇ ಹೇಳು."

ತಿರುಗಿಸಿದ. ಮೂರು ವರ್ಷದಿಂದ ಕನ್ನಡಿ ಮುಂದೆ ಕಲಿತಿದ್ದ ಮಾತು ನಾಲಿಗೆ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಸೋಮಮ್ಮ ಹೂವು ಹಿಡಿದು ಅವನನ್ನೇ ನೋಡುತ್ತಿದ್ದಳು. "ನಾನು ಮಹಾಲಿಂಗ, ಚಾಮರಾಜನಗರ," ಅಂದ. "ಸುತ್ತು ಹಾಕು ಅಂದಿದ್ದು ಸೋಮವ್ವ. ಗುಂಡಿ ಒತ್ತಿದ್ದು ನಾನು."

ಕೆಳಗೆ ಕಾಮೆಂಟು ಸರಸರ ಬಂದವು. 'ಅಜ್ಜಿ ತೋರ್ಸಿ.' 'ಅಣ್ಣ, ಅಜ್ಜಿ ಕಡೆ ತಿರುಗ್ಸಿ.' 'ಅಜ್ಜಿ ಎಲ್ಲಿ?' ಅವನು ತಿರುಗಿಸಿದ.

ಮಧ್ಯಾಹ್ನದ ಬಸ್ಸಿನಲ್ಲಿ ಕೂತಾಗ ಅಭಿಮಾನಿಗಳ ಪುಟದಲ್ಲಿ ಹೆಸರು ಬಂದೇಬಿಟ್ಟಿತ್ತು: ಸೋಮಮ್ಮ, ಗುಂಡ್ಲುಪೇಟೆ. ಅದನ್ನು ನಾಲ್ಕು ಸಲ ಓದಿದ. ಹೊಟ್ಟೆಕಿಚ್ಚು ಆರಿತೇ ಅಂದರೆ, ಎಲ್ಲಿಂದ ಆರುತ್ತದೆ. ಗಂಗಾಧರನ ಮೇಲಿದ್ದದ್ದರಲ್ಲಿ ಅರ್ಧ ಸೋಮಮ್ಮನ ಮೇಲೆ ಹೋಗಿತ್ತು, ಅಷ್ಟೇ. ಹೂವು ಕಟ್ಟಿಕೊಂಡಿದ್ದವಳಿಗೆ ಅದು ಯಾಕೆ ಬೇಕಿತ್ತು ಅಂತ ಕೂಡ ಒಂದು ಸಲ ಅನ್ನಿಸಿತು.

ಆಗ ಗಂಗಾಧರನ ಮೆಸೇಜು ಬಂತು. 'ಬರೋ ಭಾನುವಾರ ಮನೆಗೆ ಬಾರ್ಲಾ. ಹಳೇ ಟಿವಿ ಸಿಕ್ಕದೆ, ಕೋಟೆ ಗೇಮ್ ಆಡನ.' ಮಹಾಲಿಂಗ ಫೋನನ್ನು ಜೇಬಿಗೆ ಹಾಕಿದ. ತೆರಕಣಾಂಬಿ ಬರುವ ತನಕ ಕಿಟಕಿಯಾಚೆ ನೋಡಿದ. ಆ ಸೈಕಲ್ ಅಂಗಡಿಯವನಿಗೆ ಮೂವತ್ತು ಕಾರ್ಡು ಬಂದಿರಬೇಕು ಅಂತ ಲೆಕ್ಕ ಹಾಕಿದ. ಬಸ್ಸು ಅಲ್ಲಿಂದ ಹೊರಟ ಮೇಲೆ ಫೋನು ತೆಗೆದು, 'ಬತ್ತೀನಿ,' ಅಂತ ಬರೆದ. ಕಳಿಸುವ ಮುಂಚೆ ಇನ್ನೊಂದು ಸಾಲು ಸೇರಿಸಿದ.

'ಆದ್ರೆ ರಿಮೋಟ್ ನನ್ ಕೈಲಿರ್ಬೇಕು.'